ಬಾಗಿಲು ತೆಗೆದವಳು, ತೆಗೆಯದವಳು

"ಸಿನಿಮಾದ ಕೊನಿಗೆ ಆಕಿ ಬಾಗ್ಲ ತಗೀತಾಳ!" ಬುದ್ಧಪ್ರಿಯ ತೊಡೆ ತಟ್ಟಿ ಹೇಳಿದ. "ನನ್ನ ಕಣ್ಣಿಲೆ ನೋಡೀನಿ."

"ಎಲ್ಲಿ ತಗೀತಾಳ? ಅರ್ಧಕ್ಕ ನಿದ್ದಿ ಹೊಡದಿರಬೇಕು ನೀ," ಅಂದಳು ತಂಗಿ ಪಂಚಶೀಲಾ. "ಬೆಳಗಾಗೂತನಾ ತಗ್ಯಂಗಿಲ್ಲ. ಬಿಸಲು ಬಿದ್ದ ಕೂಡ್ಲೆ ಅಂವ ಅಂಗಳದಾಗ ಉರದು ಬೂದಿ ಆಗ್ತಾನ."

ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದ ಅಯ್ಯಮ್ಮ ಇಬ್ಬರು ಮಕ್ಕಳ ಮುಖವನ್ನೂ ನೋಡಿದಳು. ಮಗ ಶಹಾಪುರದ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡುವವನು. ಮಗಳು ಸುರಪುರದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವವಳು. ಇಬ್ಬರೂ ತಮ್ಮೂರು ವನದುರ್ಗಕ್ಕೆ ಬಂದಿದ್ದು ಭಾನುವಾರದ ರಜೆಗೆಂದಲ್ಲ. ಆ ಸಂಜೆ ಅವರ ಅಪ್ಪ ಬರುವವನಿದ್ದ.

ಸುದ್ದಿ ತಂದವನು ಹುಣಸಗಿಗೂ ಸುರಪುರಕ್ಕೂ ಕ್ರೂಸರ್ ಜೀಪು ಓಡಿಸುವ ಮೈನುದ್ದೀನ. "ಅಯ್ಯಮ್ಮಕ್ಕಾ, ಚಂದ್ರಾಮಣ್ಣ ಹುಣಸಗ್ಯಾಗ ಸಿಕ್ಕಿದ್ದ. ಭಾಳ ಸೊರಗ್ಯಾನ. ಕುಡ್ಯೂದು ಬಿಟ್ಟೀನಿ ಅಂತ ಕಸಮ್ ಹಾಕ್ದ. ಐತವಾರ ಸಂಜಿ ಬಸ್ಸಿಗೆ ಬರ್ತೀನಿ, ಒಳಗ ಕರದ್ರ ಬರ್ತೀನಿ, ಇಲ್ಲಾಂದ್ರ ಅದೇ ಬಸ್ಸಿಗೆ ಹೊಳ್ಳಿ ಹೋಗ್ತೀನಿ ಅಂದಾನ."

ಗಂಡ ಚಂದ್ರಾಮಪ್ಪ ಕುಡಿದು ಬಂದು ಬಾಗಿಲು ಬಡಿಯುತ್ತಿದ್ದ ಕಾಲದಲ್ಲಿ ಅಯ್ಯಮ್ಮ ಪ್ರತಿ ಸಲವೂ ತೆಗೆಯುತ್ತಿದ್ದಳು. ಪಂಚಶೀಲಾಳ ಹುಬ್ಬಿನ ಮೇಲಿನ ಗಾಯದ ಗುರುತು ಹಾಗೆ ತೆಗೆದ ಒಂದು ರಾತ್ರಿಯದು. ಮರುದಿನ ತೆಗೆಯಲಿಲ್ಲ. ಬಡಿದು ಬಡಿದು ಸುಮ್ಮನಾದವನು ಆಮೇಲೆ ಊರಲ್ಲಿ ಕಾಣಲಿಲ್ಲ. ವರ್ಷಗಳು ಉರುಳಿದವು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳು ಹುಣ್ಣಿಮೆ ಹುಣ್ಣಿಮೆಗೂ ಬುದ್ಧನ ಮುಂದೆ ಮೇಣಬತ್ತಿ ಹಚ್ಚಿ ಕೂತು ಕೇಳಿದ್ದಳು. ಬುದ್ಧ ಕಣ್ಣು ಮುಚ್ಚಿಕೊಂಡೇ ಇದ್ದ.

ಸಿನಿಮಾದ ಮಾತು ತೆಗೆದವನು ಬುದ್ಧಪ್ರಿಯ. ಅಪ್ಪನನ್ನು ಒಳಗೆ ಕರೆಯಬೇಕೆಂದು ಅವನಿಗೆ ಆಸೆ. ಬಾಯಿಬಿಟ್ಟು ಹೇಳಲಾರದೆ ಕಥೆಯನ್ನು ಹಿಡಿದಿದ್ದ. ಸಮುದ್ರದ ದಂಡೆಯ ಯಾವುದೋ ದೇಶ. ಮೀನು ಹಿಡಿಯಲು ಹೋದ ಗಂಡ ಸತ್ತು, ರಕ್ತ ಕುಡಿಯುವ ದೆವ್ವವಾಗಿ ಮನೆಗೆ ಬರುತ್ತಾನೆ. ಮನೆಯವರು ಬಾ ಎನ್ನದೆ ಹೊಸ್ತಿಲು ದಾಟಲಾರ. ಹೊರಗೆ ಅವನು, ಒಳಗೆ ದೀಪ ಹಿಡಿದ ಹೆಂಡತಿ.

ಅಲ್ಲಿಯವರೆಗೂ ಅಯ್ಯಮ್ಮ "ಹ್ಞೂಂ... ಹ್ಞೂಂ" ಅನ್ನುತ್ತಲೇ ಇದ್ದಳು. ಅವಳ ತವರು ಕೊಂಕಲ್. ಅಲ್ಲಿ ಮುತ್ತಜ್ಜಿ ಕಥೆ ಹೇಳಲು ಕೂತರೆ ಯಾರಾದರೊಬ್ಬರು ಹ್ಞೂಂಗುಡಬೇಕು. ಹ್ಞೂಂ ನಿಂತರೆ ಮುದುಕಿ ಕಥೆಯನ್ನು ನಡುವೆಯೇ ಬಿಟ್ಟು ಎದ್ದುಬಿಡುತ್ತಿದ್ದಳು. "ಹ್ಞೂಂ ಅಂದ್ರ ಒಪ್ಪಿದಿ ಅಂತಲ್ಲ ಕೂಸೇ, ಕೇಳಾಕತ್ತೀದಿ ಅಂತ" ಎನ್ನುತ್ತಿದ್ದಳು.

ಆದರೆ ಕೊನೆಗೆ ಬಂದಾಗ ಮಗ ಒಂದು ಹೇಳಿದ, ಮಗಳು ಇನ್ನೊಂದು. ಯಾರಿಗೆ ಹ್ಞೂಂ ಅನ್ನಬೇಕೋ ಅಯ್ಯಮ್ಮನಿಗೆ ತಿಳಿಯಲಿಲ್ಲ.

"ತಗಿ ನಿನ್ನ ಫೋನು," ಅಂದಳು ಪಂಚಶೀಲಾ. "ನನ್ನ ಗೆಳತಿ ಗುಲಫಶಾನೂ ನಾನೂ ಹಾಸ್ಟೆಲ್‌ನಾಗ ಕೂಡೇ ನೋಡೀವಿ. ಸುಳ್ಳ ಹೇಳಿದ್ರ ಗೊತ್ತಾಗ್ತದ."

ಎರಡು ಫೋನುಗಳು ಒಲೆಯ ಬೆಳಕಿನಲ್ಲಿ ಪಕ್ಕಪಕ್ಕ ಬಂದವು. ಅದೇ ಹೆಸರು, ಅದೇ ಮುಚ್ಚಿದ ಬಾಗಿಲು, ಅದೇ ದೀಪ. ದೀಪ ಹಿಡಿದ ಹೆಂಗಸು ಮಾತ್ರ ಬೇರೆ. ಬುದ್ಧಪ್ರಿಯ ಪರದೆಯ ಮೇಲೆ ಬೆರಳಾಡಿಸಿ ಓದಿದ. ಆಮೇಲೆ ಪೆಚ್ಚಾಗಿ ನಕ್ಕ.

"ಎಲಾ ಇದರ! ಎರಡು ಸಿನಿಮಾ ಅವ. ನಾ ನೋಡಿದ್ದು ಮೊದಲಿಂದು, ಆ ದೇಶದವ್ರದು. ಆಮ್ಯಾಲ ಅಮೇರಿಕಾದವ್ರು ಅದನ್ನೇ ಹೊಳ್ಳಿ ತಗದಾರ. ಈಕಿ ನೋಡಿದ್ದು ಅದು. ನಕಲಿ."

"ನಕಲಿ ಯಾಕಾತು? ಛಲೋ ತಗದಾರ. ನಿಂದ್ರಾಗ ಬರೇ ಗಾಳಿ ಸಪ್ಪಳ ಇರಬೇಕು."

"ಒಮ್ಮಿ ಹೇಳಿದ ಕಥಿ ಮತ್ಯಾಕ ಹೇಳಿದ್ರು?" ಅಯ್ಯಮ್ಮ ಕೇಳಿದಳು.

"ಆ ಭಾಷಾ ಅವ್ರಿಗೆ ತಿಳ್ಯಂಗಿಲ್ಲ ಯವ್ವಾ. ಕೆಳಗ ಬರದದ್ದು ಓದಕೋತ ನೋಡೂದು ಬ್ಯಾಸರ."

"ತಿಳೀಲಿಲ್ಲಂದ್ರ ತಿಳ್ಯಂಗ ಹೇಳಬೇಕು. ತಗದ ಬಾಗ್ಲ ಯಾಕ ಹಾಕಿದ್ರು?"

ಬುದ್ಧಪ್ರಿಯ ಫೋನನ್ನು ಜೇಬಿಗೆ ಹಾಕಿಕೊಂಡ. ಅಯ್ಯಮ್ಮ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಮಗನನ್ನು ಕೇಳಿದಳು: "ನಿಂದ್ರಾಗ ಒಳಗ ಬಂದ್ನಲ್ಲ, ಬಂದು ಏನ್ ಮಾಡ್ದ?"

"ತೋರ್ಸಿಲ್ಲ. ಅಂವ ಒಳಗ ಬರ್ತಾನ, ಬಾಗ್ಲ ಮುಚ್ತದ, ಮುಗೀತು."

ಅಯ್ಯಮ್ಮ ಮಗಳ ಕಡೆ ತಿರುಗಿದಳು. "ನಿಂದ್ರಾಗ ಬೂದಿ ಆದ್ಮ್ಯಾಲ ಆಕಿ ಏನ್ ಮಾಡಿದ್ಲು?"

"ಕಾರ್ ಹತ್ತಿ ಹೋದ್ಲು," ಅಂದಳು ಪಂಚಶೀಲಾ. "ಹಾಡು ಬಂತು."

"ಎಲ್ಲಿಗಿ?"

ಪಂಚಶೀಲಾಳ ಬೆರಳು ತಾನಾಗಿ ಹುಬ್ಬಿಗೆ ಹೋಯಿತು. "ನನಗೇನ್ ಗೊತ್ತು? ಉಳದ್ಲಲ್ಲ, ಅಷ್ಟು ಸಾಕಾಗಂಗಿಲ್ಲೇನು?"

ಊರ ಬಾಗಿಲ ಅಗಸಿಯ ಕಡೆಯಿಂದ ಬಸ್ಸಿನ ಸದ್ದು ಬಂತು. ಶಹಾಪುರದ ಬಸ್ಸು ಅಲ್ಲಿ ತುಸು ಹೊತ್ತು ನಿಂತು, ಹಾರ್ನ್ ಹೊಡೆದು ತಿರುಗುತ್ತದೆ. ಊರಿನ ಹಳೆಯ ಕೋಟೆಯ ಗೋಡೆಯ ಮೇಲೆ ಇನ್ನೂ ಕೆಂಬಿಸಿಲಿತ್ತು. ಪಂಚಶೀಲಾ ಎದ್ದು ಹೋಗಿ ಬಾಗಿಲು ಹಾಕಿ, ಅಗಳಿ ಇಕ್ಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಬುದ್ಧಪ್ರಿಯ ಎದುರು ಬಂದು ನಿಂತ. ಅವಳನ್ನು ಸರಿಸಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

ಅಯ್ಯಮ್ಮ ರೊಟ್ಟಿ ಬಡಿಯತೊಡಗಿದಳು. ತುಟಿಯೊಳಗೇ ಬುದ್ಧನ ಪ್ರಾರ್ಥನೆ ತ್ರಿಶರಣ ಶುರು ಮಾಡಿದಳು. ಎರಡನೆಯ ಸಾಲು ಹೇಳಿದೆನೋ ಇಲ್ಲವೋ ಎಂದು ಅನುಮಾನವಾಗಿ ಮತ್ತೆ ಮೊದಲಿನಿಂದ ಹಿಡಿದಳು.

ಹೊರಗೆ ಹೆಜ್ಜೆ ಸಪ್ಪಳ ಬಂದು ನಿಂತಿತು. ಬಾಗಿಲು ಬಡಿಯುತ್ತಾನೆಂದು ಮೂವರೂ ಕಾದರು. ಬಡಿಯಲಿಲ್ಲ. ಕಟ್ಟೆಯ ಮೇಲೆ ಯಾರೋ ಕೂತ ಸದ್ದಾಯಿತು. ಕೆಮ್ಮು.

"ನಾನು," ಅಂದಿತು ದನಿ. ಅಷ್ಟು ಸಣ್ಣ ದನಿ ಅವನದೇ ಹೌದೋ ಅಲ್ಲವೋ ಅಯ್ಯಮ್ಮನಿಗೆ ಗುರುತು ಹತ್ತಲಿಲ್ಲ. "ಒಳಗ ದೀಪ ಕಾಣ್ತದ. ಇದ್ದೀರಿ ಅಂತ ತಿಳದು ಹೇಳ್ತೀನಿ. ಆವತ್ತು ಇಲ್ಲಿಂದ ಎದ್ದು ಹೊಂಟವ ಸೀದಾ ನಡಕೋತ ಶಹಾಪುರಕ್ಕ ಹೋದ್ನಿ. ಹಳ್ಳದ ದಂಡಿಗಿ ಹೊತ್ತು ಮೂಡಿತು. ಅಲ್ಲಿ ಕುಂತು..."

ನಿಲ್ಲಿಸಿದ. ಒಳಗಿನಿಂದ ಏನೂ ಬರಲಿಲ್ಲ.

"ಅಲ್ಲಿ ಕುಂತು ನನ್ನ ಕೈ ನೋಡಕೊಂಡ್ನಿ," ಎಂದು ಮತ್ತೆ ನಿಲ್ಲಿಸಿದ.

ಬಸ್ಸು ಹಾರ್ನ್ ಹೊಡೆಯಿತು. ಕಟ್ಟೆಯ ಮೇಲಿನವನು ಏಳುತ್ತಿರಬೇಕು. ಕಲ್ಲಿಗೆ ಚಪ್ಪಲಿ ಉಜ್ಜಿದ ಸದ್ದು ಕೇಳಿಸಿತು. ಬುದ್ಧಪ್ರಿಯ ತಾಯಿಯ ಕಡೆ ನೋಡಿದ. ಪಂಚಶೀಲಾಳೂ ನೋಡಿದಳು. ಅವಳ ಕಣ್ಣು ತುಂಬಿದ್ದವು, ಬೆನ್ನು ಬಾಗಿಲಿಗೇ ಇತ್ತು.

ಅಯ್ಯಮ್ಮ ಹಂಚಿನ ಮೇಲೆ ರೊಟ್ಟಿ ಹಾಕಿದಳು. ನೀರಿನ ಬಟ್ಟೆಯಿಂದ ಮೆಲ್ಲಗೆ ಸವರಿದಳು.

"ಹ್ಞೂಂ," ಅಂದಳು, ಹೊರಗೆ ಕೇಳುವಷ್ಟು.

ಚಪ್ಪಲಿಯ ಸದ್ದು ನಿಂತಿತು. ಬಸ್ಸು ಹೊರಟು, ಅದರ ಸದ್ದು ಹೊಲಗಳ ಆಚೆ ಕರಗಿತು. ಕಟ್ಟೆಯ ಮೇಲೆ ದನಿ ಮತ್ತೆ ಶುರುವಾಯಿತು. ಅಗಳಿ ಇದ್ದಲ್ಲೇ ಇತ್ತು. ಹಂಚಿನ ಮೇಲೆ ರೊಟ್ಟಿ ನಿಧಾನಕ್ಕೆ ಉಬ್ಬುತ್ತಿತ್ತು.