ಬೂದೆಮ್ಮನ ಬೆರಳಿಗೆ ಅಂಟಿದ ಹತ್ತಿ

ಹತ್ತಿ ಬಿಡಿಸುವ ಕಾಲಕ್ಕೆ ಗಿಡದ ಎಲೆಯೆಲ್ಲ ಉದುರಿರುತ್ತದೆ. ಮೂತ್ರಕ್ಕೆಂದು ಗಿಡಗಳ ನಡುವೆ ಕುಳಿತರೆ ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ಗಂಡಸರು ಬದುವಿನ ಕಡೆ ತಿರುಗಿ ನಿಂತರೆ ಮುಗಿಯಿತು. ಹೆಂಗಸರು ಎಲ್ಲಿಗೆ ಹೋಗಬೇಕು?

ಹಿರೇಕೊಟ್ನೆಕಲ್‌ನ ಬೂದೆಮ್ಮ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದಳು. ನೀರನ್ನೇ ಕುಡಿಯುತ್ತಿರಲಿಲ್ಲ! ಬೆಳಿಗ್ಗೆ ರೊಟ್ಟಿ ತಿಂದು ಒಂದು ಗುಟುಕು, ಆಮೇಲೆ ಹೊತ್ತು ಮುಳುಗಿ ಮನೆಗೆ ಬಂದ ಮೇಲೆಯೇ. ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಯಾರಾದರೂ ನೀರಿನ ಬಾಟಲಿಗೆ ಕೈ ಹಾಕಿದರೆ, "ಕುಡೀ ಬೇ, ಕುಡದು ಆಮ್ಯಾಲೆ ಎಲ್ಲಿ ಕುಂದ್ರತಿ?" ಎನ್ನುವಳು. ಎಲ್ಲರೂ ನಗುವರು, ಬಾಟಲಿ ಚೀಲ ಸೇರುವುದು. ಸೊಸೆ ಐಶ್ವರ್ಯ ಗುಂಪಿಗೆ ಸೇರಿದ ಮೇಲೆ ಅವಳಿಗೂ ಇದೇ ಪಾಠವಾಯಿತು.

ಹೋದ ವರ್ಷ ಬೂದೆಮ್ಮನ ಪಕ್ಕೆಯಲ್ಲಿ ಹಿಡಿದ ನೋವು ಅವಳನ್ನು ನೆಲದ ಮೇಲೆ ಹೊರಳಾಡಿಸಿತ್ತು. ಔಷಧ ನಡೆದಿರುವಾಗಲೇ ಜೋಳದ ಕಾಳಿಗಿಂತ ಚಿಕ್ಕ ಹರಳೊಂದು ಮೂತ್ರದ ಜೊತೆ ಬಿದ್ದುಹೋಯಿತು. ಅವಳು ಅದನ್ನು ತೊಳೆದು, ಕಾಗದದಲ್ಲಿ ಸುತ್ತಿ ಎಲೆ-ಅಡಿಕೆ ಚೀಲದಲ್ಲಿ ಇಟ್ಟುಕೊಂಡು, ಕಂಡಕಂಡವರಿಗೆ ತೋರಿಸಿದಳು. "ಹಳ್ಳು ಬಿತ್ತು, ಪೀಡಾ ಹೋತು" ಎಂಬುದು ಅವಳ ತೀರ್ಮಾನ. ದಿನಾ ನೀರು ಕುಡಿಯಬೇಕೆಂದು ಡಾಕ್ಟರು ಹೇಳಿದ್ದನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದಳು.

ಈ ವರ್ಷ ಹತ್ತಿ ಒಡೆಯುವ ಹೊತ್ತಿಗೆ ನೋವು ಮತ್ತೆ ಬಂತು. ರಾಯಚೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರೆ ಎಡಗಡೆ ಮತ್ತೆರಡು ಹರಳು. ಹೀಗೇ ಬಿಟ್ಟರೆ ಆ ಕಡೆಯ ಮೂತ್ರಪಿಂಡವೇ ಕೆಡಬಹುದು ಎಂದು ಅಲ್ಲಿ ಹೇಳಿದ್ದು ಅವಳ ಎದೆಯಲ್ಲಿ ಕುಳಿತುಬಿಟ್ಟಿತು.

ಮರುದಿನ ಊರಿನ ಆರೋಗ್ಯ ಕೇಂದ್ರದ ನರ್ಸ್ ಕಾವ್ಯಾ ಮನೆಗೆ ಬಂದಳು. ದೇವದುರ್ಗದ ಹುಡುಗಿ, ಮಾತು ಮೆದು. ಪಕ್ಕದ ಮನೆಯ ಮುನವ್ವರ್ ಬೀ ಆಗಲೇ ಬಂದು ಕುಳಿತಿದ್ದಳು. ಬೂದೆಮ್ಮ ಕಾಗದದ ಪೊಟ್ಟಣ ಬಿಚ್ಚಿದಳು.

"ನೋಡ್ರಿ ನರ್ಸಮ್ಮ, ಹಳ್ಳು ನನ್ನ ಚೀಲದಾಗ ಅದ. ಮತ್ತ ಒಳಗಿನವು ಎಲ್ಲಿಂದ ಬಂದ್ವು? ಆ ಮಿಷನ್ ಸುಳ್ಳು ಹೇಳಾಕತ್ತದ."

"ಮಿಷನ್ ಸುಳ್ಳು ಹೇಳಿಲ್ಲ ಯವ್ವಾ. ಎಲ್ಲಿ, ನಿಮ್ಮ ಕೈ ತೋರಸ್ರಿ."

ಬೂದೆಮ್ಮ ಕೈ ಚಾಚಿದಳು. ಅಂಗೈ ನುಣ್ಣಗಿತ್ತು. ಬೆರಳ ತುದಿಗಳನ್ನು ಮಾತ್ರ ಹತ್ತಿಕಾಯಿಯ ಒಣ ಸಿಪ್ಪೆ ತರಚಿ ಹಾಕಿತ್ತು. ಕಾವ್ಯಾ ಮೂಲೆಯಲ್ಲಿದ್ದ ಹತ್ತಿಯಿಂದ ಒಂದು ಎಳೆ ಕಿತ್ತು ಅಂಗೈ ಮೇಲಿಟ್ಟು ಊದಿದಳು. ಹಾರಿಹೋಯಿತು. ಇನ್ನೊಂದು ಎಳೆಯನ್ನು ತರಚಿದ ಬೆರಳಿನ ಮೇಲಿಟ್ಟು ಊದಿದಳು. ಅದು ಅಲ್ಲಾಡಲಿಲ್ಲ. ಅದರ ಮೇಲೆ ಮತ್ತೊಂದು ಇಟ್ಟಳು. ಅದೂ ಕಚ್ಚಿಕೊಂಡಿತು.

"ಇದ್ಯಾಕ ಹಾರಲಿಲ್ಲ?" ಎಂದು ಕೇಳಿದಳು ಕಾವ್ಯಾ.

"ಗಾಯ ಆದ ಜಾಗ ಅಲ್ಲೇನವಾ, ಹಿಡಕೊಂತದ. ದಿನಾ ನೋಡೂದ ಇದ."

"ಕಿಡ್ನ್ಯಾಗೂ ಹಂಗ ಯವ್ವಾ. ಅಲ್ಲಿ ಕೂದಲಕ್ಕಿಂತ ಸಣ್ಣ ಕೊಳವಿ ಇರ್ತಾವ. ಅವುಗಳ ಒಳಮೈ ಜೀವಕೋಶದಿಂದ ಆಗಿರ್ತದ. ಕಣ್ಣಿಗೆ ಕಾಣದಷ್ಟು ಸಣ್ಣವು, ನಮ್ಮ ಮೈಯೆಲ್ಲಾ ಅವುಗಳಿಂದನ ಕಟ್ಟಿದ್ದು. ನೀರು ಕುಡೀದಿದ್ರ ಮೂತ್ರ ಗಟ್ಟಿ ಆಗಿ ಅದರಾಗ ಸಣ್ಣ ಹರಳು ಕಟ್ತಾವ. ಕೋಶ ಛಲೋ ಇದ್ರ ಹರಳು ಜಾರಿ ಹೊರಗ ಹೋಗ್ತಾವ. ಕೆಲವು ಕೋಶ ಸಣ್ಣ ಹರಳನ್ನ ನುಂಗಿ ಕರಗಿಸೂದೂ ಉಂಟು. ಆದ್ರ ದಿನಾ ಹರಳು ಬಂದು ತಾಕಿದ್ರ ಕೋಶಕ್ಕ ಗಾಯ ಆಗ್ತದ. ಗಾಯ ಆದ ಕೋಶ ಹರಳನ್ನ ಹಿಡಕೊಂತದ. ಅದರ ಮ್ಯಾಲೆ ಇನ್ನೊಂದು ಬಂದು ಕುಂದ್ರತದ."

ಮುನವ್ವರ್ ಬೀ ಗಲ್ಲದ ಮೇಲೆ ಕೈಯಿಟ್ಟಳು. "ಯಾ ಅಲ್ಲಾ! ಹಳ್ಳು ಬಿದ್ರೂ ಗಾಯ ಒಳಗ ಉಳೀತದ ಅನ್ರಿ."

"ಕೋಶ ಸುಧಾರಿಸಿಕೊಂತಾವ ಚಾಚೀ. ಅದಕ್ಕ ಬಿಡುವು ಬೇಕು. ನೀರು ಕುಡಿದ್ರ ಮೂತ್ರ ತೆಳ್ಳಗಾಗಿ ಹೊಸಾ ಹರಳು ಕಟ್ಟೂದು ಕಡಿಮಿ ಆಗ್ತದ."

ಬೂದೆಮ್ಮನಿಗೆ ರೇಗಿತು. "ನೀರು ಕುಡಿ ಅನ್ನೂದು ಸಸಾರ. ನಿಮ್ಮ ಆಸ್ಪತ್ರ್ಯಾಗ ಬಾಗಲಾ ಅದ, ಚಿಲಕ ಅದ. ಹೊಲದಾಗ ನಾ ಎಲ್ಲಿ ಕುಂದ್ರಲಿ?"

ಕಾವ್ಯಾ ಬೂದೆಮ್ಮನ ಬೆರಳಿಗೆ ಅಂಟಿದ್ದ ಎಳೆಗಳನ್ನು ಮೆಲ್ಲಗೆ ಬಿಡಿಸಿದಳು.

ಚಹಾ ತಂದಿಟ್ಟ ಐಶ್ವರ್ಯ ಒಳಗೆ ಹೋಗದೆ ಅಲ್ಲೇ ನಿಂತಳು. "ಅತ್ತೀ, ನನಗೂ ಒಂದಕ್ಕ ಹೋದ್ರ ಉರೀತದ. ಬಾಳ ದಿನ ಆತು. ಬೈತೀರಂತ ಹೇಳಿರಲಿಲ್ಲ."

ಬೂದೆಮ್ಮ ತನ್ನ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡಿದ್ದಳು, ಅದರ ಮಾತು ಬೇರೆ. ಈ ಹುಡುಗಿಗೆ ಬಾಯಾರಿಕೆಯನ್ನು ಕಲಿಸಿದವಳು ತಾನೇ ಅಲ್ಲವೇ? ಮರ್ಯಾದೆಯ ಪಾಠ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ಸೊಸೆಯ ಮುಖ ನೋಡಲು ನಾಚಿಕೆಯಾಯಿತು, ಕಣ್ಣು ತುಂಬಿತು.

"ನಾಳಿ ಬಾ, ಮೂತ್ರ ಪರೀಕ್ಷಾ ಮಾಡೂಣು. ಸೋಂಕೋ ಹರಳೋ ತಿಳೀತದ," ಎಂದಳು ಕಾವ್ಯಾ. ಐಶ್ವರ್ಯ ತಲೆಯಾಡಿಸಿದಳು.

ಪರೀಕ್ಷೆಯಲ್ಲಿ ಸೋಂಕು ಕಂಡಿತು, ಔಷಧ ಶುರುವಾಯಿತು. ಬೂದೆಮ್ಮನೂ ಡಾಕ್ಟರು ಹೇಳಿದಂತೆ ನಡೆಯತೊಡಗಿದಳು.

ಮತ್ತೆ ಹೊಲಕ್ಕೆ ಹೋದ ದಿನ ಅವಳ ಹೆಗಲ ಮೇಲೆ ನಾಲ್ಕು ಗೂಟ, ಕೈಯಲ್ಲಿ ಹಳೆಯ ಸೀರೆಗಳು. ಹತ್ತಿ ಮುಟ್ಟುವ ಮೊದಲು ಬದುವಿನ ಪಕ್ಕ ಗುಂಡಿ ತೋಡಿ, ಸುತ್ತ ಗೂಟ ನೆಟ್ಟು ಸೀರೆ ಕಟ್ಟಿದಳು. "ಯಾರ ಮದಿವಿ ಹಂದ್ರ ಬೇ ಇದು?" ಎಂದು ಗುಂಪು ನಕ್ಕಿತು. ಬೂದೆಮ್ಮನೂ ನಕ್ಕಳು. ನೀರಿನ ಕೊಡದಿಂದ ಒಂದು ಚೊಂಬು ತುಂಬಿ ಎಲ್ಲರೆದುರಿಗೆ ತಾನು ಕುಡಿದಳು. ಇನ್ನೊಂದು ತುಂಬಿ ಸೊಸೆಯ ಕೈಗಿಟ್ಟಳು.

"ಕುಡೀ ಬೇ. ಕುಂದ್ರಾಕ ಜಾಗಾ ನಾ ಮಾಡೀನಿ."

ಹೊಲಕ್ಕೆ ಹೋಗುವ ಅಕ್ಕತಂಗಿಯರೇ, ಬಾಯಾರುವವರೆಗೆ ಕಾಯಬೇಡಿ. ಮೂತ್ರ ತಿಳಿಯಾಗಿ ಹೋಗುವಷ್ಟು ನೀರು ಕುಡಿಯಿರಿ. ಒಮ್ಮೆ ಹರಳು ಬಿದ್ದವರು ಇನ್ನೂ ಎಚ್ಚರವಾಗಿರಿ, ಅದು ಮತ್ತೆ ಕಟ್ಟಬಹುದು. ನೀರು ಮಿತವಾಗಿರಲಿ ಎಂದು ಡಾಕ್ಟರು ಹೇಳಿದ್ದರೆ ಅವರ ಮಾತೇ ನಡೆಯಲಿ. ಪಕ್ಕೆನೋವಿನ ಜೊತೆ ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೊಲದ ಒಡೆಯರೇ, ನಿಮಗೂ ಒಂದು ಮಾತು: ಕೂಲಿಗೆ ಬರುವ ಹೆಂಗಸರು ನೀರು ಕುಡಿಯದೆ ಇದ್ದರೆ, ಯಾಕೆಂದು ಒಮ್ಮೆ ಹೊಲದ ಸುತ್ತ ಕಣ್ಣಾಡಿಸಿ ನೋಡಿ. ನಾಲ್ಕು ಗೂಟ, ಎರಡು ಹಳೆಯ ಸೀರೆ ನಿಮ್ಮ ಮನೆಯಲ್ಲೂ ಇವೆಯಲ್ಲವೇ?