ಬಾಣಂತಿಯ ಬೆಳ್ಳುಳ್ಳಿ

ರಾತ್ರಿ ಹಿತ್ತಿಲ ಬಾಗಿಲನ್ನು ಯಾರೋ ತಟ್ಟಿದರು. ತಡೆದು, ಮತ್ತೆ ತಟ್ಟಿದರು.

ಮಹಾಲಕ್ಷ್ಮಮ್ಮ ಚಿಮಣಿ ಹಿಡಿದು ಬಾಗಿಲು ತೆರೆದರೆ, ಹೊರಗೆ ಗಂಗಿ. ಬೆಳಿಗ್ಗೆಯಷ್ಟೇ ಕಳ್ಳಿ ಎನಿಸಿಕೊಂಡು ಹೋದ ಕೆಲಸದಾಳು.

“ಎಂತ ಗಂಗಿ, ಈ ಹೊತ್ತಲ್ಲಿ?”

ಗಂಗಿ ಸೆರಗಿನ ಗಂಟು ಬಿಚ್ಚಿ, ಬೆಳ್ಳುಳ್ಳಿ ಗಡ್ಡೆಗಳನ್ನು ಮೆಟ್ಟಿಲ ಮೇಲಿಟ್ಟಳು.

“ಕುಮಟೆ ಪ್ಯಾಟೆಯಿಂದ ತಂದೆ, ಒಡತೀರೆ. ನಮ್ಮ ಜಗಳಕ್ಕೆ ಬಾಣಂತಿ ಎಂತಕ್ಕೆ ಬಳಲೂದು? ಆದ್ರೆ ನಾ ಕದ್ದವಳಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತ ಊರ ಎಲ್ಲ ಮನೆಯವರೂ ಹೇಳಿ ಕಳಿಸಿದ್ರು. ಬಾವಿಕಟ್ಟೆಲಿ ಹೊರಿಸಿದ ಕಳವನ್ನ ಅಲ್ಲೇ ಇಳಿಸಿ.”

ಕಾಗಾಲದ ಆ ಪುರೋಹಿತರ ಮನೆಯಲ್ಲಿ ಬೆಳ್ಳುಳ್ಳಿ ಬಾಣಂತಿಗೆ ಬಿಟ್ಟರೆ ಯಾರ ಬಾಯಿಗೂ ಸಲ್ಲದು. ಮಗಳು ಮೂಕಾಂಬಿಕೆಯ ಬಾಣಂತನಕ್ಕೆಂದೇ ಹಿತ್ತಿಲ ಮರಳುಮಣ್ಣಿನಲ್ಲಿ ಒಂದು ಸಾಲು ಹಾಕಿಸಿದ್ದರು. ಎಸಳು ಊರಿದವಳು, ನೀರು ಹೊಯ್ದವಳು, ಕಳೆ ಕಿತ್ತವಳು ಗಂಗಿ. ಮಡಿಯ ಮನೆಯವರು ಅದನ್ನು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಅವಳ ಕೈಯಲ್ಲೇ ಕೀಳಿಸಿದರೆ, ಬಾಡಿದ ಗರಿಗಳಷ್ಟೇ ಕೈಗೆ ಬಂದವು. ಗಡ್ಡೆ ಮುರಿದುಕೊಂಡ ಯಾರೋ ಗರಿಗಳನ್ನು ಮತ್ತೆ ಮಣ್ಣಿಗೆ ಸಿಕ್ಕಿಸಿದ್ದರು. ಮುಟ್ಟುವ ಕೈ ಒಂದೇ ಆದಮೇಲೆ ಕದ್ದ ಕೈಯೂ ಅದೇ ಎಂದು, ಬಾವಿಕಟ್ಟೆಯಲ್ಲಿ ನೆರೆಮನೆಯ ಸುಬ್ಬಲಕ್ಷ್ಮಿಯ ಎದುರಿಗೇ ಮಹಾಲಕ್ಷ್ಮಮ್ಮ ತೀರ್ಪು ಕೊಟ್ಟಿದ್ದರು.

ಸಂಜೆ ಪಾತ್ರೆ ತಿಕ್ಕಲು ಬಚ್ಚಲೊಲೆಯ ಬೂದಿ ತೋಡಿದಾಗ ಅದರಲ್ಲಿ ಅರೆಸುಟ್ಟ ಬೆಳ್ಳುಳ್ಳಿ ಸಿಪ್ಪೆ ಸಿಕ್ಕಿತು. ಪೂಜೆಗೆ ಮೀಯಲೆಂದು ನಸುಕಿನಲ್ಲೆದ್ದು ಆ ಒಲೆಗೆ ಬೆಂಕಿ ಹಾಕುವವರು ಮನೆಯಲ್ಲಿ ಒಬ್ಬರೇ. ಮಹಾಲಕ್ಷ್ಮಮ್ಮ ಬೂದಿಯನ್ನು ತೆಂಗಿನ ಬುಡಕ್ಕೆ ಸುರಿದು ಮಣ್ಣು ಮುಚ್ಚಿಬಿಟ್ಟಿದ್ದರು.

ಈಗ ಮೆಟ್ಟಿಲ ಮೇಲಿನ ಗಡ್ಡೆಗಳನ್ನು ಕಂಡು ಅವರ ಮುಖ ಕಾದ ಕಾವಲಿಯಾಯಿತು. ಗಂಗಿಯ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

“ಬೆಳಿಗ್ಗೆ ಬಾವಿಕಟ್ಟೆ ಹತ್ರ ಬಾ” ಎಂದಷ್ಟೇ ಅಂದರು.

ಬೆಳಿಗ್ಗೆ ಸುಬ್ಬಲಕ್ಷ್ಮಿ ಕೊಡ ಇಳಿಸುವ ಮೊದಲೇ ಮಹಾಲಕ್ಷ್ಮಮ್ಮ ಹೇಳಿಬಿಟ್ಟರು: “ಗಂಗಿ ಕದ್ದಿದ್ದಿಲ್ಲೆ. ತಪ್ಪು ಯನ್ನದು.”

“ಹಂಗಾರೆ ನಿಮ್ಮನೆಲಿ ಬೆಳ್ಳುಳ್ಳಿ ತಿಂಬ ಭೂತ ಇದ್ದಾ, ಮಹಾಲಕ್ಷ್ಮಕ್ಕಾ?” ಸುಬ್ಬಲಕ್ಷ್ಮಿ ನಕ್ಕಳು. “ಹೆಸರು ಹೇಳದೇ ಹೋದ್ರೆ ಊರು ನಂಬ್ತಿಲ್ಲೆ.”

ಕಟ್ಟೆಯ ಕೆಳಗೆ ಗಂಗಿ ತಲೆತಗ್ಗಿಸಿ ನಿಂತಿದ್ದಳು. ಒಳಗೆ ಪೂಜೆಯ ಗಂಟೆ ಬಾರಿಸುತ್ತಿತ್ತು. ಮದುವೆಯಾದಂದಿನಿಂದ ಗಂಡನ ಹೆಸರನ್ನು ನಾಲಿಗೆಗೆ ತಾರದ ಮಹಾಲಕ್ಷ್ಮಮ್ಮ ಬಾವಿಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ತ್ರ್ಯಂಬಕ ಭಟ್ಟರು.”