ಸ್ವಭಾವೋಕ್ತಿಗೆ ಸೊನ್ನೆ

ಅಲಂಕಾರದ ಪಾಠ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಅರ್ಚಕರ ಮನೆಯ ಮಗಳು ನಾನು. ಇನ್ನೊಬ್ಬರ ತಪ್ಪು ಹಿಡಿಯುವುದು ಹುಟ್ಟುಗುಣ. ಮಂಗಳೂರಿನ ಈ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಕಲಿಸುತ್ತಾ ಆ ಗುಣಕ್ಕೆ ಸಂಬಳವನ್ನೂ ಪಡೆಯುತ್ತಿದ್ದೇನೆ.

ಇದ್ದದ್ದನ್ನು ಇದ್ದ ಹಾಗೆ ಸೊಗಸಾಗಿ ಹೇಳಿದರೆ ಸ್ವಭಾವೋಕ್ತಿ, ಮಿತಿಮೀರಿ ಹೇಳಿದರೆ ಅತಿಶಯೋಕ್ತಿ ಎಂದು ಕಲಿಸಿದ್ದೆ. ಜುಲೈ ತಿಂಗಳ ಪರೀಕ್ಷೆಯಲ್ಲಿ ಸ್ವಭಾವೋಕ್ತಿಗೆ ಸ್ವಂತ ಉದಾಹರಣೆ ಕೇಳಿದೆ. ಉಳ್ಳಾಲದ ಹಬೀಬಾ ಬರೆದಿದ್ದಳು: ‘ನಮ್ಮ ಅಡುಗೆಮನೆಯಲ್ಲಿ ಈಗ ಸಮುದ್ರ ಇದೆ. ಉಮ್ಮ ಚಾವಡಿಯಲ್ಲಿ ಅನ್ನ ಬೇಯಿಸುತ್ತಾರೆ.’

‘ಇದು ಅತಿಶಯೋಕ್ತಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಸೊನ್ನೆ ಸುತ್ತಿದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ, ತರಗತಿಯಲ್ಲಿ ಗಟ್ಟಿಯಾಗಿ ಓದಿ ಅವಳನ್ನೇ ಕೇಳಿದೆ.

“ನಿಮಗೆ ಮೀನು ಮಾರ್ಕೆಟಿಗೆ ಹೋಗುವ ಕೆಲಸವೇ ಇಲ್ಲ ಅಲ್ವಾ? ಒಲೆಯ ಹತ್ತಿರ ಕೂತು ಗಾಳ ಹಾಕಿದ್ರೆ ಆಯ್ತು!”

ಎಲ್ಲರೂ ನಕ್ಕರು. ಹಬೀಬಾ ಎದ್ದು ನಿಂತಳು. “ಅದು ಇದ್ದದ್ದನ್ನೇ ಬರ್ದದ್ದು ಮೇಡಂ.”

“ಇದ್ದದ್ದಕ್ಕೂ ಒಂದು ಮಿತಿ ಉಂಟು ಮಾರಾಯ್ತಿ. ಕೂತ್ಕೋ.”

ಕೂತಳು. ಮರುದಿನದಿಂದ ಬರಲಿಲ್ಲ. ನಾಲ್ಕು ದಿನವಾಯಿತು, ಫೋನೂ ತಾಗಲಿಲ್ಲ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಬುದ್ಧಿ ಹೇಳಲು ಶನಿವಾರ ಉಳ್ಳಾಲದ ಬಸ್ಸು ಹತ್ತಿದೆ.

ಅವಳ ಮನೆ ಮುಂದಿನಿಂದ ನೋಡಿದರೆ ಎಲ್ಲ ಮನೆಗಳ ಹಾಗೆಯೇ ಇತ್ತು. ಬಾಗಿಲು ದಾಟಿದೊಡನೆ ಸಿಗುವ ಚಾವಡಿಯ ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಪಕ್ಕದಲ್ಲಿ ಹಬೀಬಾಳ ಪುಸ್ತಕಗಳು. ಒಳಬಾಗಿಲಿಗೆ ನೀಲಿ ಟಾರ್ಪಾಲು ಕಟ್ಟಿದ್ದರು. ಗಾಳಿಗೆ ಅದು ಎದ್ದಾಗ ಕಡಲು ಕೊರೆದು ಬಿಟ್ಟ ಅಡುಗೆಮನೆಯ ಅರ್ಧ ಗೋಡೆ ಕಾಣಿಸಿತು, ಅದರಾಚೆ ಸಮುದ್ರ.

“ಕೂತ್ಕೊಳ್ಳಿ ಟೀಚರ್, ಚಾ ಮಾಡ್ತೇನೆ,” ಎಂದರು ಅವಳ ತಾಯಿ. “ಸಾಮಾನು ಸಾಗಿಸ್ಲಿಕ್ಕೆ ಇವಳೊಬ್ಬಳೇ ಇರುವುದು, ಹಾಗೆ ಕಾಲೇಜಿಗೆ ಬರ್ಲಿಕ್ಕೆ ಆಗ್ಲಿಲ್ಲ. ನಿಮ್ಮ ಸುದ್ದಿ ತುಂಬಾ ಹೇಳ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಬರೀಲಿಕ್ಕೆ ನೀವೇ ಕಲಿಸಿದ್ದಂತೆ.”

ಸೊನ್ನೆಯ ಸುದ್ದಿಯನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹಬೀಬಾ ನನ್ನ ಮುಖ ನೋಡದೆ ಲೋಟ ತೊಳೆಯುತ್ತಿದ್ದಳು. ತಪ್ಪಾಯಿತು ಎನ್ನಲು ಎಷ್ಟು ಹೊತ್ತು? ದಿನವಿಡೀ ಮಾತಾಡಿ ಬದುಕುವ ನನಗೆ ಅದೊಂದು ಮಾತು ಹೊರಡಲಿಲ್ಲ. “ಸೋಮವಾರ ಬಾ,” ಎಂದಷ್ಟೇ ಹೇಳಿ ಎದ್ದೆ.

ಸೋಮವಾರ ಬಂದಳು. ನಗಿಸಿದ್ದು ಎಲ್ಲರೆದುರು, ಕ್ಷಮೆಯನ್ನೂ ಎಲ್ಲರೆದುರೇ ಕೇಳಬೇಕು ಎಂದುಕೊಂಡೆ. ಆದರೆ ಆ ನಲವತ್ತು ಮುಖ ಕಂಡೊಡನೆ ನಾಳೆ ಎನಿಸಿತು. ನಾಳೆ ನಾಳೆ ಎಂದು ಎರಡು ವಾರ ಕಳೆಯಿತು.

ಕೊನೆಗೊಂದು ದಿನ ಅವಳ ಉತ್ತರಪತ್ರಿಕೆ ಹಿಡಿದುಕೊಂಡೇ ತರಗತಿಗೆ ಹೋದೆ.

“ಹಬೀಬಾ ಬರೆದದ್ದು ಸರಿ. ತಪ್ಪು ನನ್ನದು. ಅವತ್ತು ನಾನು ನಗಿಸಬಾರದಿತ್ತು,” ಎಂದೆ. ಸೊನ್ನೆ ಹೊಡೆದುಹಾಕಿ ಪೂರ್ಣ ಅಂಕ ಕೊಟ್ಟೆ. ಸ್ವಭಾವೋಕ್ತಿಗೆ ಉದಾಹರಣೆ ಎಂದು ಅವಳ ಎರಡೂ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದೆ. ಈ ಸಲ ಯಾರೂ ನಗಲಿಲ್ಲ.

ಹಬೀಬಾ ಮೆಲ್ಲನೆ ಎದ್ದು ನಿಂತಳು.

“ಮೇಡಂ, ಅದು ಈಗ ಸರಿಯಾಗುವುದಿಲ್ಲ. ಮೊನ್ನೆ ಚಾವಡಿಯೂ ಹೋಯ್ತು.”